ವೈಟ್‌ಹಾರ್ಸ್‌ನಿಂದ ಡಾಸನ್‌ವರೆಗೆ: ಯೂಕಾನ್ ನದಿಯಲ್ಲಿ 715 ಕಿಲೋಮೀಟರ್ ಕೆನೂ ಪ್ರಯಾಣ ಮಾಡುವುದು ಹೇಗೆ

ಯೂಕಾನ್ ನದಿಯಲ್ಲಿ ಕೆನೂ (ಹುಟ್ಟು ಹಾಕಿ ನಡೆಸುವ ಉದ್ದನೆಯ ಕಿರಿದಾದ ದೋಣಿ) ಹಾಕಿಕೊಂಡು ಹೋಗಬೇಕು ಅಂತ ಕೇಳುವವರಿಗೆಲ್ಲ ನಾನು ಮೊದಲು ಹೇಳುವ ಮಾತು ಒಂದೇ. ಹುಟ್ಟು ಹಾಕುವುದನ್ನು ಕೆಲವೇ ದಿನದಲ್ಲಿ ಕಲಿಯಬಹುದು. ದಂಡೆಯ ಮೇಲೆ ಸುಮ್ನೆ ಕೂತು ಗಾಳಿ ನಿಲ್ಲುವ ತನಕ ಕಾಯುವುದಿದೆಯಲ್ಲ, ಅದನ್ನು ಮನಸ್ಸಿಗೆ ಕಲಿಸುವುದು ಕಷ್ಟ. ಇಡೀ ಪ್ರಯಾಣವನ್ನು ಆ ಕಾಯುವಿಕೆಗೆ ಜಾಗ ಇಟ್ಟುಕೊಂಡೇ ಯೋಜಿಸಬೇಕು. ಊಟದ ಲೆಕ್ಕ, ರಜೆಯ ಲೆಕ್ಕ, ವಾಪಸ್ ಟಿಕೆಟ್ ಎಲ್ಲದರಲ್ಲೂ.

ನಾನು, ನನ್ನ ಅಣ್ಣ ಇಬ್ಬರೂ ಕೆನಡಾದ ಕ್ಯಾಲ್ಗರಿಯಲ್ಲಿ ಇರುವವರು. ಬೆಳೆದದ್ದು ಹೊಳೆಹೊನ್ನೂರಿನ ಕಡೆ, ಭದ್ರಾ ಹೊಳೆಯ ದಂಡೆಯಲ್ಲಿ. ಚಿಕ್ಕಂದಿನಿಂದ ಈಜು ಗೊತ್ತು, ಹರಿಗೋಲು ಹತ್ತಿ ಗೊತ್ತು. ಆ ಧೈರ್ಯ ಇಲ್ಲಿ ಅರ್ಧಕ್ಕಷ್ಟೇ ಉಪಯೋಗಕ್ಕೆ ಬಂತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ದಾರಿ ಎಂಥದು ಅಂತ ತಿಳಿದುಕೊಳ್ಳಿ. ಕೆನಡಾದ ವಾಯವ್ಯ ಮೂಲೆಯ ಯೂಕಾನ್ ಪ್ರದೇಶದ ರಾಜಧಾನಿ ವೈಟ್‌ಹಾರ್ಸ್. ಅಲ್ಲಿಂದ ಕೆಳಮುಖವಾಗಿ ಡಾಸನ್ ಸಿಟಿಗೆ ನದಿಯಲ್ಲಿ ಸುಮಾರು 715 ಕಿಲೋಮೀಟರ್. ನದಿ ಅಲ್ಲಿಗೇ ಮುಗಿಯುವುದಿಲ್ಲ, ಅಲಾಸ್ಕಾ ದಾಟಿ ಬೇರಿಂಗ್ ಸಮುದ್ರ ಸೇರುವಷ್ಟರಲ್ಲಿ ಒಟ್ಟು 3,000 ಕಿಲೋಮೀಟರ್ ಮೀರುತ್ತದೆ. ನಮ್ಮ ದಾರಿಯ ನಡುವೆ ಅಂಗಡಿ ಇರುವ ಊರು ಅಂದರೆ ಕಾರ್ಮ್ಯಾಕ್ಸ್ ಒಂದೇ. ಉಳಿದದ್ದೆಲ್ಲ ಸ್ಪ್ರೂಸ್ ಮರದ ಕಾಡು, ಗುಡ್ಡ, ಜಲ್ಲಿಕಲ್ಲಿನ ದಿಬ್ಬ, ಯಾರೂ ಇಲ್ಲದ ಹಳೆಯ ಮರದ ಮನೆಗಳು.

ಈ ದಾರಿ ಜಗತ್ತಿಗೆ ಗೊತ್ತಾದದ್ದು ಚಿನ್ನದಿಂದ. 1896ರ ಆಗಸ್ಟ್‌ನಲ್ಲಿ ಡಾಸನ್ ಹತ್ತಿರದ ರ್‍ಯಾಬಿಟ್ ಕ್ರೀಕ್ ಎಂಬ ಹಳ್ಳದಲ್ಲಿ ಚಿನ್ನ ಸಿಕ್ಕಿತು. ಆಮೇಲೆ ಅದಕ್ಕೆ ಬೊನಾಂಜಾ ಅಂತ ಹೆಸರಾಯಿತು. 1898ರಲ್ಲಿ ಮಂಜುಗಡ್ಡೆ ಒಡೆದದ್ದೇ ತಡ, ಕಾಡಿನ ಮರ ಕೊಯ್ದು ತಾವೇ ಕಟ್ಟಿಕೊಂಡ ಸಾವಿರಾರು ದೋಣಿಗಳಲ್ಲಿ ಜನ ಇದೇ ನೀರಿನಲ್ಲಿ ಹೊರಟರು. ಅದಕ್ಕೂ ಎಷ್ಟೋ ಸಾವಿರ ವರ್ಷ ಮೊದಲಿಂದ ಇದು ಇಲ್ಲಿಯ ಮೂಲನಿವಾಸಿಗಳ ಮನೆ ದಾರಿ, ಈಗಲೂ ಅವರದೇ. ನಾವು ಅವರ ಅಂಗಳದಲ್ಲಿ ಹಾದುಹೋಗುವ ಅತಿಥಿಗಳು ಅನ್ನುವುದನ್ನು ಮರೆಯಬೇಡಿ.

ಯಾವಾಗ ಹೋಗಬೇಕು

ಜೂನ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರ. ಅದಕ್ಕಿಂತ ಮೊದಲು ಹೋದರೆ ದಾರಿಯಲ್ಲಿ ಬರುವ ಲಬಾರ್ಜ್ ಸರೋವರದಲ್ಲಿ ಮಂಜುಗಡ್ಡೆ ಇನ್ನೂ ತೇಲುತ್ತಿರಬಹುದು. ಜೂನ್ ಕೊನೆಯಲ್ಲಿ ರಾತ್ರಿ ಅನ್ನುವುದೇ ಇರುವುದಿಲ್ಲ. ವೈಟ್‌ಹಾರ್ಸ್‌ನಲ್ಲಿ 19 ಗಂಟೆ ಹಗಲು, ಡಾಸನ್ ಕಡೆ ಹೋದಂತೆ ಇನ್ನೂ ಜಾಸ್ತಿ, ಸೂರ್ಯ ಮುಳುಗಿದ ಮೇಲೂ ಪುಸ್ತಕ ಓದುವಷ್ಟು ಬೆಳಕು. ಇದು ದೊಡ್ಡ ಅನುಕೂಲ, ಗಾಳಿ ನಿಂತಾಗ ಯಾವ ಹೊತ್ತಿನಲ್ಲಾದರೂ ಹೊರಡಬಹುದು. ಆದರೆ ಸೊಳ್ಳೆ ಕಾಟವೂ ಆಗಲೇ. ನನ್ನನ್ನು ಕೇಳಿದರೆ ಆಗಸ್ಟ್ ಎರಡನೇ ವಾರ ಹೊರಡಿ. ಸೊಳ್ಳೆ ಕಡಿಮೆಯಾಗಿರುತ್ತದೆ, ರಾತ್ರಿ ಸ್ವಲ್ಪ ಕತ್ತಲಾಗುತ್ತದೆ, ಡಾಸನ್ ಮುಟ್ಟುವಷ್ಟರಲ್ಲಿ ಬರ್ಚ್ ಎಲೆ ಹಳದಿಗೆ ತಿರುಗಿರುತ್ತದೆ, ಅದೃಷ್ಟ ಇದ್ದರೆ ರಾತ್ರಿ ಆಕಾಶದಲ್ಲಿ ಅರೋರಾ ಎಂಬ ಉತ್ತರದ ಬೆಳಕೂ ಕಾಣುತ್ತದೆ. ಬೆಳಗಿನ ಜಾವ ಮಾತ್ರ ಚೆನ್ನಾಗಿ ಚಳಿ ಇರುತ್ತದೆ.

ದಿನ ಎಷ್ಟು ಬೇಕು? ಹೆಚ್ಚಿನವರು 14ರಿಂದ 16 ದಿನ ತೆಗೆದುಕೊಳ್ಳುತ್ತಾರೆ. ನೀವು 16 ದಿನದ ಯೋಜನೆ ಹಾಕಿ, ಅದರ ಮೇಲೆ 3 ದಿನ ಖಾಲಿ ಬಿಡಿ. ಆ ಮೂರು ದಿನಕ್ಕೆ ಯಾವ ಕಾರ್ಯಕ್ರಮವನ್ನೂ ಹಚ್ಚಬೇಡಿ. ಸೋಮವಾರ ಆಫೀಸಿಗೆ ಹೋಗಲೇಬೇಕು ಅನ್ನುವ ಒತ್ತಡ ಇದ್ದರೆ ಗಾಳಿಯಲ್ಲೂ ದೋಣಿ ನೂಕುತ್ತೀರಿ, ಅಪಾಯ ಶುರುವಾಗುವುದೇ ಅಲ್ಲಿ.

ತಣ್ಣೀರು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಕಡೆ ಹೊಳೆಗೆ ಬಿದ್ದರೆ ಈಜಿ ದಡ ಸೇರುತ್ತೇವೆ. ಇಲ್ಲಿ ಬೇಸಿಗೆಯಲ್ಲೂ ನೀರಿಗೆ ಕೈ ಇಟ್ಟು ಅರವತ್ತು ಎಣಿಸುವಷ್ಟರಲ್ಲಿ ಬೆರಳು ನೋಯುತ್ತದೆ. ತಣ್ಣೀರಿನ ಬಗ್ಗೆ ಕೆನಡಾದಲ್ಲಿ ಎಲ್ಲರಿಗೂ ಕಲಿಸುವ ಒಂದು ಲೆಕ್ಕ ಇದೆ: ಒಂದು, ಹತ್ತು, ಒಂದು. ಬಿದ್ದ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಏದುಸಿರು ಬರುತ್ತದೆ, ಆಗ ಬಾಯಿಗೆ ನೀರು ಹೋದರೆ ಮುಗಿಯಿತು. ಆಮೇಲೆ ಸುಮಾರು ಹತ್ತು ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಅದಾದ ಮೇಲೆ ಬೆರಳು ಹಗ್ಗ ಹಿಡಿಯುವುದಿಲ್ಲ, ತೋಳು ಏಳುವುದಿಲ್ಲ. ಸುಮಾರು ಒಂದು ಗಂಟೆಗೆ ಮೈ ತಣ್ಣಗಾಗಿ ಪ್ರಜ್ಞೆ ಹೋಗುತ್ತದೆ. ನೀವು ಎಷ್ಟೇ ಒಳ್ಳೆಯ ಈಜುಗಾರರಾದರೂ ಆ ಹತ್ತು ನಿಮಿಷವೇ ನಿಮ್ಮ ಕೈಯಲ್ಲಿರುವುದು.

ಅದಕ್ಕೇ ಲೈಫ್ ಜಾಕೆಟ್ ಹಾಕಿಕೊಂಡೇ ಇರಬೇಕು. ಸೀಟಿನ ಕೆಳಗೆ ಇಟ್ಟುಕೊಂಡ ಜಾಕೆಟ್ ಇದ್ದೂ ಇಲ್ಲದ ಹಾಗೆ. ಬಾಡಿಗೆಗೆ ತೆಗೆದುಕೊಳ್ಳುವಾಗ ಹಾಕಿ ನೋಡಿ, ಬಕಲ್ ಒಂದೊಂದನ್ನೂ ಎಳೆದು ನೋಡಿ. ನಮಗೆ ಕೊಟ್ಟಿದ್ದರಲ್ಲಿ ಒಂದರ ಬಕಲ್ ಬಿರುಕು ಬಿಟ್ಟಿತ್ತು. ಅಂಗಡಿಯಲ್ಲೇ ಗೊತ್ತಾದದ್ದರಿಂದ ಬದಲಾಯಿಸಿಕೊಂಡೆವು. ಒಂದು ಜೊತೆ ಬೆಚ್ಚನೆಯ ಬಟ್ಟೆ, ಬೆಂಕಿಪೊಟ್ಟಣ, ಲೈಟರ್ ಇಷ್ಟನ್ನು ನೀರು ಹೋಗದ ಸಣ್ಣ ಚೀಲದಲ್ಲಿ ಹಾಕಿ ದೋಣಿಗೆ ಕಟ್ಟಿಡಿ. ಇನ್ನೊಂದು ಲೈಟರ್ ಮೈಮೇಲೆ, ಜಾಕೆಟ್ ಜೇಬಿನಲ್ಲಿ ಇರಲಿ, ಯಾಕೆಂದರೆ ದೋಣಿಯೇ ಕೈಬಿಟ್ಟು ಹೋದರೆ ಬೆಂಕಿ ಹಚ್ಚಲು ಏನಾದರೂ ಬೇಕಲ್ವಾ? ಹತ್ತಿ ಬಟ್ಟೆ ಬೇಡವೇ ಬೇಡ. ಜೀನ್ಸ್ ಒದ್ದೆಯಾದರೆ ಎರಡು ದಿನ ಆರುವುದಿಲ್ಲ. ಉಣ್ಣೆ ಅಥವಾ ಫ್ಲೀಸ್, ಮೇಲೆ ಗಟ್ಟಿ ರೇನ್‌ಕೋಟ್, ಕಾಲಿಗೆ ಮೊಣಕಾಲ ಕೆಳಗಿನವರೆಗೆ ಬರುವ ರಬ್ಬರ್ ಬೂಟು.

ದೋಣಿ ಮತ್ತು ಹುಟ್ಟು

ಇಬ್ಬರಿಗೆ 17 ಅಡಿಯ, ನಡುವೆ ಅಗಲ ಇರುವ ಪ್ಲಾಸ್ಟಿಕ್ ಕೆನೂ ಸಾಕು. ವೈಟ್‌ಹಾರ್ಸ್‌ನಲ್ಲಿ ಬಾಡಿಗೆಗೆ ಸಿಗುತ್ತದೆ, ಡಾಸನ್‌ನಲ್ಲಿ ಬಿಟ್ಟು ಬರಬಹುದು, ಅವರೇ ಲಾರಿಯಲ್ಲಿ ವಾಪಸ್ ತರಿಸಿಕೊಳ್ಳುತ್ತಾರೆ. ಚಳಿಗಾಲದಲ್ಲೇ ಬುಕ್ ಮಾಡಿ. ಹುಟ್ಟು ಮೂರು ತೆಗೆದುಕೊಳ್ಳಿ, ಎರಡು ಕೈಯಲ್ಲಿ, ಒಂದು ಹೆಚ್ಚುವರಿ. ನೀರು ಮೊಗೆಯಲು ಡಬ್ಬಿ, ಸೀಟಿ, ತೇಲುವ 15 ಮೀಟರ್ ಹಗ್ಗ ಕಾನೂನಿನ ಪ್ರಕಾರವೂ ಇರಲೇಬೇಕು. ದೋಣಿಯ ಎರಡೂ ತುದಿಗೆ ಏಳೆಂಟು ಮೀಟರ್ ಹಗ್ಗ ಕಟ್ಟಿ.

ಹೋಗುವ ಮೊದಲು ಕೆರೆಯಲ್ಲಿ ಹತ್ತು ಸಲವಾದರೂ ಅಭ್ಯಾಸ ಮಾಡಿ. ಸಾಮಾನು ತುಂಬಿಕೊಂಡೇ ಮಾಡಿ, ಖಾಲಿ ದೋಣಿಯ ನಡತೆಯೇ ಬೇರೆ. ಮುಂದೆ ಕೂತವರು ಜೋರು ಕೊಡುತ್ತಾರೆ, ಹಿಂದೆ ಕೂತವರು ದಿಕ್ಕು ನೋಡಿಕೊಳ್ಳುತ್ತಾರೆ. ಹಿಂದೆ ಕೂತವರು ಕಲಿಯಬೇಕಾದ ಒಂದು ಎಳೆತ ಇದೆ, ಅದು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಬಲಗಡೆ ಹುಟ್ಟು ಹಾಕಿದರೆ ದೋಣಿಯ ಮೂತಿ ಎಡಕ್ಕೆ ತಿರುಗುತ್ತದೆ. ಅದನ್ನು ಸರಿ ಮಾಡಲು ಪ್ರತಿ ಸಲ ಕಡೆ ಬದಲಾಯಿಸುತ್ತಾ ಕೂತರೆ ತೊಡೆಯೆಲ್ಲ ಒದ್ದೆ, ಲಯವೂ ಹೋಗುತ್ತದೆ. ಅದರ ಬದಲು ಹುಟ್ಟನ್ನು ಸೊಂಟದವರೆಗೆ ಎಳೆಯಿರಿ, ಅಲ್ಲಿಗೆ ಬಂದಾಗ ಮೇಲಿನ ಕೈಯ ಹೆಬ್ಬೆರಳು ನೆಲ ನೋಡುವ ಹಾಗೆ ಮಣಿಕಟ್ಟು ತಿರುಗಿಸಿ. ಹುಟ್ಟಿನ ಹಲಗೆ ಆಗ ದೋಣಿಗೆ ಸಮಾನಾಂತರವಾಗಿ ನಿಲ್ಲುತ್ತದೆ. ಹಾಗೇ ಒಂದು ಕ್ಷಣ ಹೊರಗಡೆಗೆ ಮೆಲ್ಲಗೆ ತಳ್ಳಿ, ಎತ್ತಿ. ಬಾಗಿಲು ದೂಡಿದಷ್ಟು ಜೋರು ಬೇಡ, ಕಿಟಕಿ ಪರದೆ ಸರಿಸಿದಷ್ಟು ಸಾಕು. ಮೂತಿ ತಾನೇ ನೇರವಾಗುತ್ತದೆ. ಮೊದಲ ದಿನ ಮಣಿಕಟ್ಟು ನೋಯುತ್ತದೆ, ಮೂರನೇ ದಿನ ಯೋಚನೆ ಮಾಡದೆಯೇ ಬರುತ್ತದೆ.

ದಡ ಸೇರುವುದನ್ನೂ ಅಭ್ಯಾಸ ಮಾಡಿ. ನದಿಯ ಸೆಳವು ಗಂಟೆಗೆ ಎಂಟು-ಹತ್ತು ಕಿಲೋಮೀಟರ್ ಇರುವ ಕಡೆ ಮೂತಿ ಕೆಳಮುಖವಾಗಿಯೇ ದಡಕ್ಕೆ ನುಗ್ಗಿದರೆ ಮೂತಿ ದಡಕ್ಕೆ ತಾಗಿ ನಿಲ್ಲುತ್ತದೆ, ಹಿಂಭಾಗವನ್ನು ನೀರು ತಿರುಗಿಸುತ್ತದೆ, ದೋಣಿ ಅಡ್ಡ ಬಿದ್ದು ಮಗುಚುತ್ತದೆ. ಆದ್ದರಿಂದ ಜಾಗ ಕಂಡ ಕೂಡಲೇ, ಇನ್ನೂ ದೂರ ಇರುವಾಗಲೇ, ದೋಣಿಯನ್ನು ಪೂರ್ತಿ ತಿರುಗಿಸಿ ಮೂತಿಯನ್ನು ಹರಿವಿಗೆ ಎದುರು ಮಾಡಿ. ಸ್ವಲ್ಪ ಓರೆಯಾಗಿ ಹುಟ್ಟು ಹಾಕುತ್ತಾ ಇದ್ದರೆ ನೀರೇ ನಿಮ್ಮನ್ನು ಪಕ್ಕಕ್ಕೆ ಜರುಗಿಸಿ ದಡಕ್ಕೆ ತರುತ್ತದೆ. ದಿನಕ್ಕೆ ನಾಲ್ಕು ಸಲ ಮಾಡುವ ಕೆಲಸ ಇದು, ಅಷ್ಟು ಸಲವೂ ಇದೇ ಕ್ರಮ.

ಊಟ

ಒಬ್ಬರಿಗೆ ದಿನಕ್ಕೆ ಒಣ ಸಾಮಾನು ಮುಕ್ಕಾಲು ಕಿಲೋ ಲೆಕ್ಕ ಹಾಕಿ, ಅದನ್ನು 19 ದಿನಕ್ಕೆ ಗುಣಿಸಿ. ಇಲ್ಲಿಯವರು ಪ್ಯಾಕೆಟ್ ಊಟ ತರುತ್ತಾರೆ, ಬಿಸಿನೀರು ಹಾಕಿದರೆ ಆಯಿತು. ನಮಗೆ ಎರಡು ದಿನಕ್ಕಿಂತ ಹೆಚ್ಚು ಅದನ್ನು ತಿನ್ನಲು ಆಗುವುದಿಲ್ಲ. ನಿಜ ಹೇಳಬೇಕೆಂದರೆ ಇಂಥ ಪ್ರಯಾಣಕ್ಕೆ ನಮ್ಮ ಅಡುಗೆಯಷ್ಟು ಹೊಂದುವುದು ಇನ್ನೊಂದಿಲ್ಲ. ಉಪ್ಪಿಟ್ಟಿನ ರವೆಯನ್ನು ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದು ಇಟ್ಟುಕೊಳ್ಳಿ, ಅಲ್ಲಿ ಕುದಿಯುವ ನೀರಿಗೆ ಸುರಿದು ಐದು ನಿಮಿಷ ಮುಚ್ಚಿಟ್ಟರೆ ಸಾಕು. ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಕರಿಬೇವು ಗರಿಗರಿ ಆಗೋ ತನಕ ಬಿಡ್ಬೇಡ ಕಣೋ, ಒಂಚೂರು ಹಸಿ ಇದ್ರೂ ಎಲ್ಲ ಕೆಡುತ್ತೆ." ಹಾಗೇ ಮಾಡಿದೆವು, ಹತ್ತೊಂಬತ್ತನೇ ದಿನವೂ ಘಮ ಇತ್ತು.

ತೆಳು ಅವಲಕ್ಕಿಗೆ ಹುಣಸೆ, ಬೆಲ್ಲ, ಸಾರಿನ ಪುಡಿ ಕಲಸಿದ ಗೊಜ್ಜಿನ ಪುಡಿ ಬೆರೆಸಿಕೊಂಡರೆ ಒಲೆಯೇ ಬೇಡ, ದೋಣಿಯಲ್ಲಿ ಕೂತೇ ಮಧ್ಯಾಹ್ನದ ಊಟ. ತೊಗರಿಬೇಳೆ ಬೇಡ, ಕುಕ್ಕರ್ ಇಲ್ಲದೆ ಬೇಯುವಷ್ಟರಲ್ಲಿ ಗ್ಯಾಸ್ ಖಾಲಿ. ಹೆಸರುಬೇಳೆ ಅಥವಾ ಮಸೂರ್ ಬೇಳೆ ತನ್ನಿ. ಹುರಿಹಿಟ್ಟು, ಶೇಂಗಾ ಚಿಕ್ಕಿ, ಚಟ್ನಿಪುಡಿ, ಹಾಲಿನ ಪುಡಿ, ಕಾಫಿ ಪುಡಿ ಜಾಸ್ತಿಯೇ ಇರಲಿ. ಮಳೆಯಲ್ಲಿ ನೆನೆದು ದಡ ಹತ್ತಿದಾಗ ಒಂದು ಲೋಟ ಬಿಸಿ ಕಾಫಿ ಕೊಡುವ ಜೀವ ಯಾವ ಔಷಧಿಯೂ ಕೊಡುವುದಿಲ್ಲ. ಗ್ಯಾಸ್ ಡಬ್ಬಿಯನ್ನೂ ಕರಡಿ ಸ್ಪ್ರೇಯನ್ನೂ (ಮೈಮೇಲೆ ಬರುವ ಕರಡಿಯ ಮುಖಕ್ಕೆ ಹೊಡೆಯುವ ಖಾರದ ಸ್ಪ್ರೇ) ವಿಮಾನದಲ್ಲಿ ತರಲು ಬಿಡುವುದಿಲ್ಲ, ವೈಟ್‌ಹಾರ್ಸ್‌ನಲ್ಲೇ ಕೊಳ್ಳಬೇಕು. ಎಲ್ಲ ಆಹಾರವನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬ್ಯಾರೆಲ್‌ನಲ್ಲಿ ತುಂಬಿ. ನೀರೂ ಹೋಗುವುದಿಲ್ಲ, ವಾಸನೆಯೂ ಅಷ್ಟಾಗಿ ಹೊರಬರುವುದಿಲ್ಲ.

ಹೊರಡುವ ಮೊದಲು ನಿಮ್ಮ ದಾರಿ, ದಿನಾಂಕ, ದೋಣಿಯ ಬಣ್ಣ ಇಷ್ಟನ್ನು ಬರೆದು ನಂಬಿಕೆಯವರೊಬ್ಬರ ಕೈಗೆ ಕೊಡಿ. ಯಾವ ದಿನದವರೆಗೆ ಕಾಯಬೇಕು, ಆಮೇಲೆ ಪೊಲೀಸರಿಗೆ ಹೇಳಬೇಕು ಅನ್ನುವುದನ್ನೂ ಬರೆಯಿರಿ. ಮೊಬೈಲ್ ಸಿಗ್ನಲ್ ಕಾರ್ಮ್ಯಾಕ್ಸ್ ಬಿಟ್ಟರೆ ಇಲ್ಲ ಅಂತಲೇ ತಿಳಿಯಿರಿ. ಇನ್‌ರೀಚ್ ತರಹದ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಬಾಡಿಗೆಗೂ ಸಿಗುತ್ತದೆ, ಅದಿಲ್ಲದೆ ಹೋಗಬೇಡಿ. ಭಾರತದಿಂದ ಬರುವವರಿಗೆ ಕೆನಡಾ ವಿಸಿಟರ್ ವೀಸಾ ಬೇಕು, ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ.

ಲಬಾರ್ಜ್ ಸರೋವರ

ವೈಟ್‌ಹಾರ್ಸ್ ಬಿಟ್ಟು ಮೊದಲ ದಿನ ನದಿ ತಾನೇ ಕರೆದುಕೊಂಡು ಹೋಗುತ್ತದೆ. ಹದ್ದು ಕಾಣುತ್ತದೆ, ಇದು ಎಷ್ಟು ಸುಲಭ ಅನ್ನಿಸುತ್ತದೆ. ಸುಮಾರು 40 ಕಿಲೋಮೀಟರ್ ಆದ ಮೇಲೆ ದಂಡೆಗಳು ದೂರ ಸರಿದು ಮುಂದೆ ಬರೀ ನೀರು. 50 ಕಿಲೋಮೀಟರ್ ಉದ್ದ, ಹರಿವೇ ಇಲ್ಲ, ಎರಡೂ ಕಡೆ ಬೆಟ್ಟ, ನಡುವೆ ಗಾಳಿಗೆ ಕೊಳವೆ ಹಾಕಿಟ್ಟ ಹಾಗೆ. ಇಡೀ ಪ್ರಯಾಣದಲ್ಲಿ ಅಪಾಯದ ಜಾಗ ಇದು. ಮುಂದೆ ಬರುವ, ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ಫೈವ್ ಫಿಂಗರ್ ರ್‍ಯಾಪಿಡ್‌ಗಿಂತಲೂ ಇದೇ.

ನಿಯಮ ಮೂರು, ಮೂರನ್ನೂ ಮುರಿಯಬೇಡಿ. ಒಂದು ದಂಡೆ ಹಿಡಿದರೆ ಕೊನೆಯವರೆಗೂ ಅದೇ ದಂಡೆ. ಹೆಚ್ಚಿನವರು ಬಲದಂಡೆ ಹಿಡಿಯುತ್ತಾರೆ, ನಾವೂ ಹಾಗೇ ಮಾಡಿದೆವು. ದಂಡೆಯಿಂದ 50 ಮೀಟರ್ ಒಳಗೇ ಇರಿ, ಕೊಲ್ಲಿ ಬಂದರೆ ಅದರ ಒಳಸುತ್ತು ಹಾಕಿಯೇ ಹೋಗಿ, ಬಾಯಿಗೆ ಅಡ್ಡ ಹಾಯಬೇಡಿ. ಮತ್ತು ಗಾಳಿ ಎದ್ದರೆ ದಡ. ಬೆಳಿಗ್ಗೆ ನಾಲ್ಕಕ್ಕೆ ಹೊರಟು ಹನ್ನೊಂದಕ್ಕೆ ನಿಲ್ಲಿಸುವುದು ಒಳ್ಳೆಯದು, ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಗಾಳಿ ಬರುತ್ತದೆ.

ನಮಗೆ ಎರಡನೇ ದಿನ ಹತ್ತು ಗಂಟೆಗೆ ಸರೋವರ ಕನ್ನಡಿಯ ಹಾಗಿತ್ತು. ಎದುರಿಗೆ ಒಂದು ಕೊಲ್ಲಿ, ಆಚೆ ತುದಿ ಕೈಗೆಟಕುವಷ್ಟು ಹತ್ತಿರ ಕಾಣುತ್ತಿತ್ತು. "ಅಣ್ಣ, ನೇರ ಹೋಗ್ಬಿಡೋಣ್ವಾ? ಅರ್ಧ ಗಂಟೆ ಉಳಿಯುತ್ತೆ" ಅಂದೆ. ಅವನು ತಿರುಗಿಯೂ ನೋಡದೆ "ಬೇಡ ಕಣೋ, ಸುತ್ತು ಹಾಕು" ಅಂದ. ಸುತ್ತು ಹಾಕುತ್ತಾ ಕೊಲ್ಲಿಯ ಒಳಮೂಲೆ ಮುಟ್ಟಿದ್ದೆವು ಅಷ್ಟೇ, ದಕ್ಷಿಣದ ಕಡೆ ನೀರಿನ ಬಣ್ಣ ಕಪ್ಪಾಯಿತು. ಕಪ್ಪು ಗೆರೆ ನಮ್ಮ ಕಡೆ ಸರಿದು ಬಂತು. ಇಪ್ಪತ್ತು ನಿಮಿಷದೊಳಗೆ ಕೊಲ್ಲಿಯ ಬಾಯಲ್ಲಿ ಬಿಳಿನೊರೆಯ ಅಲೆ, ನಾನು ಅಡ್ಡ ಹಾಯೋಣ ಅಂದಿದ್ದ ಅದೇ ಜಾಗದಲ್ಲಿ. ದೋಣಿ ಎಳೆದು ಮರಕ್ಕೆ ಕಟ್ಟಿ ಟಾರ್ಪಾಲಿನ್ ಕೆಳಗೆ ಕೂತವರು ಮರುದಿನ ಬೆಳಗಿನ ಜಾವ ಮೂರೂವರೆಗೆ ಎದ್ದೆವು. ಹದಿನೇಳು ಗಂಟೆ. ಮಧ್ಯೆ ಐದು ಸಲ ಎದ್ದು ಹೋಗಿ ನೀರು ನೋಡಿ ಬಂದೆ, ಪ್ರತಿ ಸಲವೂ ಈಗ ಹೋಗಬಹುದೇನೋ ಅನ್ನಿಸಿತು, ಪ್ರತಿ ಸಲವೂ ಅಣ್ಣ ಒಂದೇ ಮಾತು ಕೇಳಿದ: "ನೊರೆ ಕಾಣ್ತಿದೆಯಾ?" ಈಗಲೂ ನಾನು ಇಟ್ಟುಕೊಂಡಿರುವ ಅಳತೆ ಅದೇ. ಬಿಳಿನೊರೆ ಕಂಡರೆ ಹೊರಡುವುದಿಲ್ಲ. ಅದನ್ನು ಚರ್ಚೆ ಮಾಡುವುದೂ ಇಲ್ಲ.

ನದಿಗೆ ಮತ್ತೆ ಇಳಿದ ಮೇಲೆ

ಸರೋವರದ ತುದಿಯಿಂದ ಟೆಸ್ಲಿನ್ ನದಿ ಕೂಡುವ ಹೂಟಲಿಂಕ್ವಾವರೆಗೆ ಸುಮಾರು 48 ಕಿಲೋಮೀಟರ್. ಥರ್ಟಿ ಮೈಲ್ ಅಂತ ಕರೆಯುತ್ತಾರೆ. ನನಗೆ ಇಡೀ ದಾರಿಯಲ್ಲಿ ಅತಿ ಚೆಂದ ಕಂಡದ್ದು ಈ ತುಂಡು. ನೀರು ಹಸಿರು ಗಾಜಿನ ಹಾಗೆ, ತಳದ ಕಲ್ಲು ಓಡುವುದು ಕಾಣುತ್ತದೆ, ತಿರುವುಗಳು ಬಿಗಿ, ಸೆಳವು ಜೋರು. ಇಲ್ಲಿ ಹೆದರಬೇಕಾದದ್ದು ದಂಡೆಯಿಂದ ನೀರಿನ ಮೇಲೆ ಬಾಗಿದ ಮರಗಳಿಗೆ. ತಿರುವಿನ ಹೊರಬದಿಯಲ್ಲಿ ನೀರು ಮಣ್ಣು ಕೊರೆದು ಸ್ಪ್ರೂಸ್ ಮರ ಅಡ್ಡ ಬಿದ್ದಿರುತ್ತದೆ, ನೀರು ಕೊಂಬೆಗಳ ನಡುವೆ ಹಾದು ಹೋಗುತ್ತದೆ, ದೋಣಿ ಹಾದು ಹೋಗುವುದಿಲ್ಲ. ಆದ್ದರಿಂದ ತಿರುವು ಕಂಡಾಗಲೇ ಒಳಬದಿಗೆ ಬನ್ನಿ. ಹೂಟಲಿಂಕ್ವಾದ ಹತ್ತಿರದ ನಡುಗಡ್ಡೆಯಲ್ಲಿ ಎವೆಲಿನ್ ಎಂಬ ಹಳೆಯ ಉಗಿಹಡಗು ಕಾಡಿನೊಳಗೆ ಹಾಗೇ ಕೂತಿದೆ. ಇಳಿದು ನೋಡಿ, ಮೇಲೆ ಹತ್ತಬೇಡಿ, ಮರ ಕೊಳೆತಿದೆ. ಅಂಥ ಹಡಗುಗಳು ವೈಟ್‌ಹಾರ್ಸ್‌ನಿಂದ ಡಾಸನ್‌ಗೆ ಒಂದೂವರೆ ದಿನದಲ್ಲಿ ಇಳಿದು, ವಾಪಸ್ ಹತ್ತಲು ನಾಲ್ಕೈದು ದಿನ ತೆಗೆದುಕೊಳ್ಳುತ್ತಿದ್ದವು. ಈ ನದಿಯ ಸೆಳವು ಎಷ್ಟು ಅಂತ ಅದರಲ್ಲೇ ಗೊತ್ತಾಗುತ್ತದೆ ಅಲ್ವಾ?

ಟೆಂಟ್ ಹಾಕಲು ನಡುಗಡ್ಡೆಯ ಮೇಲ್ತುದಿಯ ಜಲ್ಲಿ ದಿಬ್ಬ ಹುಡುಕಿ. ಗಾಳಿ ಆಡುತ್ತದೆ, ಸೊಳ್ಳೆ ಕಡಿಮೆ, ಕರಡಿ ಬಂದರೂ ದೂರದಿಂದ ಕಾಣುತ್ತದೆ. ಇಲ್ಲಿ ಕಪ್ಪು ಕರಡಿಯೂ ಇದೆ, ಗ್ರಿಜ್ಲಿಯೂ ಇದೆ. ಇಳಿದ ಕೂಡಲೇ ಸಾಮಾನು ಇಳಿಸಬೇಡಿ, ಮೊದಲು ಜೋರಾಗಿ ಮಾತಾಡುತ್ತಾ ಒಂದು ಸುತ್ತು ಬನ್ನಿ. ಹೊಸ ಹೆಜ್ಜೆ, ಹೊಸ ಲದ್ದಿ ಕಂಡರೆ ಎಷ್ಟೇ ಸುಸ್ತಾಗಿರಲಿ ಮುಂದಕ್ಕೆ ಹೋಗಿ. ಅಡುಗೆ ಟೆಂಟಿನಿಂದ ನೂರು ಹೆಜ್ಜೆ ದೂರ, ಆಹಾರದ ಬ್ಯಾರೆಲ್ ಅದಕ್ಕಿಂತಲೂ ಆಚೆ. ಟೂತ್‌ಪೇಸ್ಟ್, ಸೋಪು, ಚಟ್ನಿಪುಡಿ ಮೆತ್ತಿದ ಕರವಸ್ತ್ರ ಯಾವುದೂ ಟೆಂಟಿನೊಳಗೆ ಬರಬಾರದು. ನಮ್ಮ ಅಡುಗೆಯಲ್ಲಿ ಇದೊಂದು ತೊಂದರೆ ಇದೆ, ಒಗ್ಗರಣೆ ವಾಸನೆ ಬಟ್ಟೆಗೆ ಹಿಡಿಯುತ್ತದೆ. ಅದಕ್ಕೇ ಒಗ್ಗರಣೆಯೆಲ್ಲ ಮನೆಯಲ್ಲೇ ಮುಗಿಸಿ ಅಂದದ್ದು. ಸಂಜೆ ನಾಲ್ಕಕ್ಕೇ ಒಂದು ಕಡೆ ನಿಂತು ಅಡುಗೆ ಮಾಡಿ ಊಟ ಮುಗಿಸಿ, ಪಾತ್ರೆ ತೊಳೆದು, ಮತ್ತೆ ಹತ್ತು ಕಿಲೋಮೀಟರ್ ಹೋಗಿ ಮಲಗುವುದು ಇನ್ನೂ ಒಳ್ಳೆಯ ಉಪಾಯ. ಕರಡಿ ಸ್ಪ್ರೇ ಚೀಲದಲ್ಲಿ ಅಲ್ಲ, ಸೊಂಟದಲ್ಲಿ ಇರಲಿ. ಅದು ಕೆಲವೇ ಮೀಟರ್ ದೂರ ಹೋಗುತ್ತದೆ, ಗಾಳಿ ಎದುರಿದ್ದರೆ ನಿಮ್ಮ ಕಣ್ಣಿಗೇ ಬರುತ್ತದೆ, ಹಾಗಾಗಿ ಹೊರಡುವ ಮೊದಲು ಸುರಕ್ಷಾ ಕೀಲು ತೆಗೆಯುವುದನ್ನು ಕಣ್ಣು ಮುಚ್ಚಿ ಅಭ್ಯಾಸ ಮಾಡಿ.

ರಾತ್ರಿ ದೋಣಿಯನ್ನು ಪೂರ್ತಿ ಮೇಲೆಳೆದು, ಮಗುಚಿ ಹಾಕಿ, ಮರಕ್ಕೆ ಕಟ್ಟಿ. ಮೇಲೆಲ್ಲೋ ಮಳೆಯಾದರೆ ಬೆಳಗಾಗುವಷ್ಟರಲ್ಲಿ ನೀರು ಒಂದು ಮೊಳ ಏರಿರುತ್ತದೆ. ದೋಣಿ ಹೋದರೆ ಆ ದಂಡೆಯಿಂದ ನಡೆದು ಹೋಗಲು ಎಲ್ಲಿಗೂ ದಾರಿ ಇಲ್ಲ.

ಹಳೆಯ ಹಳ್ಳಿಗಳು ಬರುತ್ತವೆ, ಬಿಗ್ ಸಾಮನ್, ಲಿಟಲ್ ಸಾಮನ್. ಲಿಟಲ್ ಸಾಮನ್‌ನಲ್ಲಿ ಸಮಾಧಿಗಳ ಮೇಲೆ ಬಣ್ಣದ ಸಣ್ಣ ಮನೆಗಳನ್ನು ಕಟ್ಟಿದ್ದಾರೆ. ಅಲ್ಲಿ ಫೋಟೋ ತೆಗೆಯಬೇಡಿ. ಮೀನು ಒಣಗಿಸುವ ಗುಡಾರ, ಗುಡಿಸಲು ಖಾಲಿ ಕಂಡರೂ ಯಾರದೋ ಮನೆ, ಅದರ ಅಂಗಳದಲ್ಲಿ ಟೆಂಟ್ ಹಾಕಬೇಡಿ. ಬೇರಿಂಗ್ ಸಮುದ್ರದಿಂದ ಇಲ್ಲಿಯವರೆಗೆ ಈಜಿ ಬರುತ್ತಿದ್ದ ಚಿನೂಕ್ ಸಾಮನ್ ಮೀನು ಈಗ ತೀರಾ ಕಡಿಮೆಯಾಗಿದೆ. 2024ರಲ್ಲಿ ಕೆನಡಾ ಮತ್ತು ಅಲಾಸ್ಕಾ ಏಳು ವರ್ಷ ಅದನ್ನು ಹಿಡಿಯುವುದನ್ನು ನಿಲ್ಲಿಸಲು ಒಪ್ಪಿಕೊಂಡಿವೆ. ಆ ಮೀನನ್ನೇ ನಂಬಿದ್ದ ಊರುಗಳು ಇವು, ಒಣಗಿಸುವ ಚೌಕಟ್ಟುಗಳು ಖಾಲಿ ನಿಂತಿರುವುದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಾರ್ಮ್ಯಾಕ್ಸ್ ಸುಮಾರು 320 ಕಿಲೋಮೀಟರ್‌ಗೆ ಸಿಗುತ್ತದೆ. ಸೇತುವೆ, ಅಂಗಡಿ, ಸ್ನಾನ, ಚಾರ್ಜಿಂಗ್. ಮನೆಗೆ ಫೋನ್ ಮಾಡಿ. ಇಲ್ಲಿಗೇ ಸಾಕು ಅನ್ನಿಸಿದರೆ ನಿಲ್ಲಿಸಲೂಬಹುದು, ಹೆದ್ದಾರಿ ಇದೆ. ಕಾಡಿಗೆ ಬೆಂಕಿ ಬಿದ್ದಿದೆಯಾ, ಬೆಂಕಿ ಹಚ್ಚಲು ನಿಷೇಧ ಇದೆಯಾ ಅಂತ ಇಲ್ಲಿ ವಿಚಾರಿಸಿಕೊಂಡು ಮುಂದುವರಿಯಿರಿ.

ಫೈವ್ ಫಿಂಗರ್ ರ್‍ಯಾಪಿಡ್ಸ್

ಕಾರ್ಮ್ಯಾಕ್ಸ್ ದಾಟಿ ಮೂರ್ನಾಲ್ಕು ಗಂಟೆಗೆ ನದಿಯ ನಡುವೆ ನಾಲ್ಕು ಬಂಡೆಕಂಬ ಕಾಣುತ್ತವೆ, ನೀರು ಐದು ಬೆರಳಾಗಿ ಒಡೆಯುತ್ತದೆ. ನೀವು ಹೋಗಬೇಕಾದದ್ದು ತೀರಾ ಬಲಗಡೆಯ ದಾರಿ. ಹಳೆಯ ಉಗಿಹಡಗುಗಳೂ ಅದರಲ್ಲೇ ಹೋಗುತ್ತಿದ್ದವು. ಒಂದು ಕಿಲೋಮೀಟರ್ ಮೊದಲೇ ಬಲದಂಡೆಗೆ ಬಂದುಬಿಡಿ, ಕೊನೆ ಗಳಿಗೆಯಲ್ಲಿ ನದಿಗೆ ಅಡ್ಡ ಹಾಯಲು ನೀರು ಬಿಡುವುದಿಲ್ಲ. ದಡದಲ್ಲಿ ನಿಂತು ಎಲ್ಲ ಸಾಮಾನು ಬಿಗಿಯಾಗಿ ಕಟ್ಟಿದೆಯಾ ನೋಡಿ. ಆಮೇಲೆ ಸೀಟಿನಿಂದ ಇಳಿದು ಮೊಣಕಾಲೂರಿ ಕೂರಿ. ಬಲದ ಬಾಯಿಯ ನಡುಮಧ್ಯೆ ಮೂತಿ ನೇರ ಇಟ್ಟು ಹುಟ್ಟು ನಿಲ್ಲಿಸದೆ ಹಾಕುತ್ತಾ ಹೋಗಿ. ಬಂಡೆ ದಾಟಿದ ಕೂಡಲೇ ಸಾಲು ಅಲೆ ಬರುತ್ತದೆ, ಮುಂದೆ ಕೂತವರ ಮಡಿಲಿಗೆ ಒಂದೆರಡು ಚೊಂಬು ನೀರು ಬೀಳುತ್ತದೆ. ಹೆದರಿ ದೋಣಿಯ ಅಂಚು ಹಿಡಿಯಬೇಡಿ. ಹುಟ್ಟು ನೀರಿನಲ್ಲಿ ಇರುವವರೆಗೆ ದೋಣಿ ಮಗುಚದೆ ಇರುತ್ತದೆ. ಒಂದು ನಿಮಿಷದ ಮಾತು ಅಷ್ಟೇ. ಮುಂದೆ ಹತ್ತು ಕಿಲೋಮೀಟರ್‌ಗೆ ರಿಂಕ್ ರ್‍ಯಾಪಿಡ್ಸ್, ಅಲ್ಲೂ ಬಲದಂಡೆಗೆ ಅಂಟಿಕೊಂಡರೆ ಏನೂ ಗೊತ್ತಾಗುವುದೇ ಇಲ್ಲ.

ಈ ಭಾಗದಲ್ಲಿ ನದಿ ಕೊರೆದ ದಂಡೆಯ ಮಣ್ಣನ್ನು ನೋಡುತ್ತಾ ಹೋಗಿ. ಮೇಲಿನ ಪದರದ ಸ್ವಲ್ಪ ಕೆಳಗೆ ಸುಣ್ಣ ಬಳಿದ ಹಾಗೆ ಒಂದು ಬಿಳಿ ಗೆರೆ ಕಿಲೋಮೀಟರ್‌ಗಟ್ಟಲೆ ಓಡುತ್ತದೆ. ಸುಮಾರು 1,200 ವರ್ಷದ ಹಿಂದೆ ಜ್ವಾಲಾಮುಖಿಯೊಂದು ಉಗುಳಿದ ಬೂದಿ ಅದು. ಬೆರಳಿನಲ್ಲಿ ಉಜ್ಜಿದರೆ ನುಣ್ಣನೆಯ ಗಾಜಿನ ಪುಡಿಯ ಹಾಗಿರುತ್ತದೆ.

ಪೆಲ್ಲಿ ನದಿ ಬಲಗಡೆಯಿಂದ ಕೂಡುವಲ್ಲಿ, ಎಡದಂಡೆಯ ಮೇಲೆ ಫೋರ್ಟ್ ಸೆಲ್ಕರ್ಕ್. ರಸ್ತೆಯೇ ಇಲ್ಲದ ಊರು, ನೀರಿನಲ್ಲೇ ಬರಬೇಕು. 1848ರಲ್ಲಿ ಹಡ್ಸನ್ಸ್ ಬೇ ಕಂಪನಿಯ ರಾಬರ್ಟ್ ಕ್ಯಾಂಪ್‌ಬೆಲ್ ಇಲ್ಲಿ ವ್ಯಾಪಾರದ ಕೋಠಿ ಕಟ್ಟಿದ, ತಮ್ಮ ವ್ಯಾಪಾರಕ್ಕೆ ಏಟು ಬಿದ್ದದ್ದಕ್ಕೆ ಕರಾವಳಿಯ ಚಿಲ್ಕಾಟ್ ಜನ 1852ರಲ್ಲಿ ಬಂದು ಅದನ್ನು ಖಾಲಿ ಮಾಡಿಸಿದರು. ಈಗ ಸೆಲ್ಕರ್ಕ್ ಫಸ್ಟ್ ನೇಷನ್ ಎಂಬ ಮೂಲನಿವಾಸಿ ಸಮುದಾಯ ಮತ್ತು ಯೂಕಾನ್ ಸರ್ಕಾರ ಸೇರಿ ಹಳೆಯ ಮನೆ, ಶಾಲೆ, ಚರ್ಚುಗಳನ್ನು ಜೋಪಾನ ಮಾಡುತ್ತಿವೆ. ಇಲ್ಲಿ ಒಂದು ಪೂರ್ತಿ ದಿನ ಇರಿ. ಎದುರು ದಂಡೆಯಲ್ಲಿ ಕಪ್ಪು ಬಂಡೆಯ ಗೋಡೆ, ಸಂಜೆ ಬಿಸಿಲು ಅದರ ಮೇಲೆ ಗಂಟೆಗಟ್ಟಲೆ ನಿಲ್ಲುತ್ತದೆ.

ನೀರು ಹಾಲಾಗುವ ಜಾಗ

ಎಡಗಡೆಯಿಂದ ವೈಟ್ ನದಿ ಕೂಡಿದ ಮೇಲೆ ಯೂಕಾನ್ ಪೂರ್ತಿ ಬದಲಾಗುತ್ತದೆ. ಹಿಮನದಿಗಳ ಹಿಟ್ಟಿನಂಥ ಮಣ್ಣು, ಹಳೆಯ ಬೂದಿ ಎಲ್ಲ ಹೊತ್ತು ತಂದು ನೀರು ಹಾಲು ಬೆರೆಸಿದ ಕಾಫಿಯ ಬಣ್ಣ. ಹುಟ್ಟು ಎತ್ತಿ ಹಿಡಿದು ಕಿವಿಗೊಡಿ. ದೋಣಿಯ ತಳದಿಂದ ಸುಂಯ್ ಅಂತ ಸಣ್ಣ ಸದ್ದು ನಿಲ್ಲದೆ ಬರುತ್ತದೆ, ಬಾಣಲೆಯಲ್ಲಿ ದೂರದಲ್ಲೆಲ್ಲೋ ಏನೋ ಕಾಯುತ್ತಿರುವ ಹಾಗೆ. ಮೊದಲ ಸಲ ಅಣ್ಣ ದೋಣಿ ಎಲ್ಲೋ ಸೋರುತ್ತಿದೆ ಅಂತ ಸಾಮಾನೆಲ್ಲ ಸರಿಸಿ ನೋಡಿದ. ಅದು ಮಣ್ಣಿನ ಕಣಗಳು ದೋಣಿಯ ತಳಕ್ಕೆ ಉಜ್ಜುವ ಸದ್ದು. ಹಲಗೆಗೆ ಕಿವಿ ಹಚ್ಚಿ ಇಬ್ಬರೂ ಎಷ್ಟೋ ಹೊತ್ತು ಕೇಳಿದೆವು.

ಕುಡಿಯುವ ನೀರಿಗೆ ಇಲ್ಲಿ ಕಷ್ಟ, ಫಿಲ್ಟರ್ ಹತ್ತು ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. ಪಕ್ಕದಿಂದ ಬಂದು ಸೇರುವ ತಿಳಿ ಹಳ್ಳ ಕಂಡ ಕಡೆಯೆಲ್ಲ ಕ್ಯಾನ್ ತುಂಬಿಕೊಳ್ಳಿ. ಸಿಗದಿದ್ದರೆ ಬಕೆಟ್‌ನಲ್ಲಿ ರಾತ್ರಿಯಿಡೀ ಇಟ್ಟು ಮೇಲಿನ ತಿಳಿ ಬಸಿದುಕೊಳ್ಳಿ. ಯಾವ ನೀರಾದರೂ ಕುದಿಸಿಯೇ ಕುಡಿಯಿರಿ, ಎಷ್ಟೇ ತಿಳಿಯಾಗಿದ್ದರೂ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಇರಬಹುದು. ಇನ್ನೊಂದು ವಿಷಯ, ಈ ನೀರಿನಲ್ಲಿ ತಳ ಕಾಣುವುದಿಲ್ಲ. ದೋಣಿಯಿಂದ ಇಳಿಯುವ ಮೊದಲು ಹುಟ್ಟಿನಿಂದ ಆಳ ನೋಡಿ, ದಂಡೆಯ ಕೆಸರು ಮೊಣಕಾಲವರೆಗೆ ಹೂತುಕೊಳ್ಳುವಷ್ಟು ಮೆತ್ತಗಿರುತ್ತದೆ. ನದಿ ಇಲ್ಲಿ ಹತ್ತಾರು ಕವಲಾಗಿ ಹರಡಿಕೊಳ್ಳುತ್ತದೆ. ಯಾವ ಕವಲಿಗೆ ನೀರು ಜಾಸ್ತಿ ಹೋಗುತ್ತಿದೆಯೋ ಅದನ್ನೇ ಹಿಡಿಯಿರಿ, ನಕ್ಷೆಯಲ್ಲಿ ಹತ್ತಿರ ಕಾಣುವ ಸಣ್ಣ ಕವಲಿಗೆ ಹೋಗಿ ಮರಳಿನಲ್ಲಿ ಸಿಕ್ಕಿಕೊಳ್ಳಬೇಡಿ. ಇಲ್ಲಿ ಎದುರುಗಾಳಿಯೂ ಬರುತ್ತದೆ, ಉಳಿಸಿಟ್ಟ ಮೂರು ದಿನದಲ್ಲಿ ಒಂದು ಇಲ್ಲಿ ಖರ್ಚಾಗಬಹುದು. ನಮಗೆ ಆಯಿತು.

ಕೊನೆಯ ದಿನ ದೂರದ ಬೆಟ್ಟದ ಮೈಮೇಲೆ ಚರ್ಮ ಸುಲಿದ ಹಾಗೆ ಒಂದು ದೊಡ್ಡ ಬೋಳು ಗುರುತು ಕಾಣುತ್ತದೆ. ಅದು ಡಾಸನ್ ಊರಿನ ಹಿಂದಿನ ಹಳೆಯ ಭೂಕುಸಿತ. ಅದು ಕಂಡ ಕೂಡಲೇ ಬಲದಂಡೆಗೆ ಬನ್ನಿ. ಕ್ಲಾಂಡೈಕ್ ನದಿ ಬಲಗಡೆಯಿಂದ ತಿಳಿನೀರು ತಂದು ಸೇರಿಸುತ್ತದೆ, ಸ್ವಲ್ಪ ದೂರದವರೆಗೆ ಎರಡು ಬಣ್ಣ ಅಕ್ಕಪಕ್ಕ ಹರಿಯುತ್ತವೆ. ಅದು ದಾಟಿದ ಕೂಡಲೇ ಊರು. ಮುಂದೆ ವಾಹನ ದಾಟಿಸುವ ಫೆರ್ರಿ ದಡದಿಂದ ದಡಕ್ಕೆ ಓಡಾಡುತ್ತಿರುತ್ತದೆ, ಅದಕ್ಕಿಂತ ಮೇಲೆಯೇ ದಡ ಹತ್ತಬೇಕು. ದೋಣಿ ತಿರುಗಿಸಿ, ಮೂತಿ ಹರಿವಿಗೆ ಎದುರು ಮಾಡಿ, ಮೆಲ್ಲಗೆ ಪಕ್ಕಕ್ಕೆ ಜರುಗಿಸಿ. ಬಾಡಿಗೆಯವರಿಗೆ ಒಪ್ಪಿಸುವ ಮೊದಲು ಕೆನೂ ತೊಳೆಯಬೇಕು. ನಾವು ಕ್ಲಾಂಡೈಕ್‌ನ ತಿಳಿನೀರಿನಲ್ಲಿ ತೊಳೆದೆವು, ನಾಲ್ಕು ಬಕೆಟ್ ಸುರಿದ ಮೇಲೂ ಸೀಟಿನ ಸಂದಿಯಿಂದ ಬೂದು ಮಣ್ಣು ಇಳಿಯುತ್ತಲೇ ಇತ್ತು.